ಪಿಎಸ್‌ಎ ನಾಲ್ಕು ದಾಟಿತು, ಮುಂದೇನು? ಬೆಟ್ಟ ಹತ್ತುವ ಗಂಡಸರು ಕೇಳದ ಪ್ರಶ್ನೆ

ಮೈಸೂರು: ಬೆಳಗಾಗೆದ್ದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಲ್ಲಿ ಐವತ್ತು, ಅರವತ್ತು ದಾಟಿದ ಗಂಡಸರು ಬೇಕಾದಷ್ಟು ಮಂದಿ. ನಂದಿ ಹತ್ತಿರ ಸುಧಾರಿಸಿಕೊಳ್ಳಲು ಕೂತರೆ ಶುಗರ್ ಎಷ್ಟು, ಬಿಪಿ ಎಷ್ಟು ಅಂತ ಮಾತು ಬರುತ್ತೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತೆ ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರಲ್ಲ. ವಯಸ್ಸಾಯ್ತಲ್ಲ, ಅಷ್ಟೇ ಅಂತ ಸುಮ್ಮನಾಗುತ್ತಾರೆ.

ಸುಮಾರು ಸಲ ಅದು ನಿಜವೂ ಹೌದು. ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಊದುವುದು ಮಾಮೂಲು, ಅದು ಕ್ಯಾನ್ಸರ್ ಅಲ್ಲ. ಆದರೆ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರಿಗೆ ಬರುವ ಮುಖ್ಯ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಕೂಡ ಇದೆ. ಸರ್ಕಾರದ ಮನೆಬಾಗಿಲ ತಪಾಸಣೆ 'ಗೃಹ ಆರೋಗ್ಯ'ದಲ್ಲಿ ನೋಡುವ ಕ್ಯಾನ್ಸರ್‌ಗಳು ಬಾಯಿ, ಸ್ತನ, ಗರ್ಭಕಂಠದ್ದು. ಪ್ರಾಸ್ಟೇಟ್ ಬಿಟ್ಟಿದ್ದನ್ನು ಬರೀ ನಿರ್ಲಕ್ಷ್ಯ ಅನ್ನಲಾಗದು. ಎಲ್ಲರಿಗೂ ಮಾಡಿಸಿ ಅನ್ನುವಷ್ಟು ನಿಖರವಾದ ಪರೀಕ್ಷೆ ಇದಕ್ಕಿಲ್ಲ.

ಇರುವುದು ಪಿಎಸ್‌ಎ ರಕ್ತ ಪರೀಕ್ಷೆ. 'ಫುಲ್ ಬಾಡಿ ಚೆಕಪ್' ಪ್ಯಾಕೇಜ್‌ನಲ್ಲಿ ಸೇರಿಸಿರುತ್ತಾರೆ. ನಾಲ್ಕರ ಮೇಲೆ ಬಂದರೆ ಮನೆಮಂದಿಯೆಲ್ಲ ಕಂಗಾಲು. ಪಿಎಸ್‌ಎ ಅನ್ನೋದು ಆರೋಗ್ಯವಂತ ಗ್ರಂಥಿಯೂ ತಯಾರಿಸುವ ಪ್ರೋಟೀನ್. ಗ್ರಂಥಿ ಊದಿದ್ದರೂ, ಮೂತ್ರದ ಸೋಂಕಿದ್ದರೂ ಅದು ಏರುತ್ತೆ. ಬೆಟ್ಟಕ್ಕೆ ಸೈಕಲ್ ತುಳಿಯುವವರು ರಕ್ತ ಕೊಡುವ ಮುಂಚೆ ಎರಡು ದಿನ ಸೈಕಲ್ ಬಿಡುವುದು ಒಳ್ಳೆಯದು. ಇದರ ಉಲ್ಟಾ ಕೂಡ ಇದೆ. ಗ್ರಂಥಿ ಊತಕ್ಕೆ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳು ನುಂಗಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತೆ. ರಿಪೋರ್ಟ್‌ನಲ್ಲಿ ಮೂರು ಅಂತಿದ್ದರೆ ಅದನ್ನು ಆರು ಅಂತಲೇ ಓದಬೇಕು. ಮಾತ್ರೆ ವಿಷಯ ಡಾಕ್ಟರಿಗೆ ಹೇಳದಿದ್ದರೆ 'ನಾರ್ಮಲ್' ಅಂತ ವಾಪಸ್ ಬರುವ ಅಪಾಯ ಇದ್ದೇ ಇದೆ.

ಇನ್ನು ಅಸಲಿ ಪ್ರಶ್ನೆ. ಗಡ್ಡೆ ಇದೆ ಅಂತ ಗೊತ್ತಾದ ಮೇಲೂ ಅದು ಹೇಗೆ ನಡೆದುಕೊಳ್ಳುತ್ತೆ ಅನ್ನೋದನ್ನು ರಕ್ತದ ಒಂದು ಅಂಕಿ ಹೇಳಲಾರದು. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಆಮೆಯೂ ಇದೆ, ಚಿರತೆಯೂ ಇದೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್‌ನ 1,643 ಮಂದಿಯನ್ನು ಹದಿನೈದು ವರ್ಷ ಗಮನಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್, ರೇಡಿಯೇಷನ್, ಬರೀ ನಿಗಾ, ಯಾವುದೇ ಆದರೂ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಸುಮಾರು ಮೂರೇ ಜನ. ಇನ್ನೊಂದು ಕಡೆ, 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್‌ಗೆ ರೋಗ ಪತ್ತೆಯಾದಾಗ ಅದಾಗಲೇ ಮೂಳೆಗೆ ಹರಡಿತ್ತು, ಗ್ಲೀಸನ್ ಅಂಕ ಒಂಬತ್ತು. ಅವರ ಕೊನೆಯ ಪಿಎಸ್‌ಎ ಪರೀಕ್ಷೆ ಆಗಿದ್ದು 2014ರಲ್ಲಿ ಅಂತ ಅವರ ಕಚೇರಿಯೇ ಹೇಳಿತು.

ಈ ಗ್ಲೀಸನ್ ಅಂಕ ಸಿಗುವುದು ಬಯಾಪ್ಸಿಯಿಂದ. ಸೂಜಿಯಲ್ಲಿ ತೆಗೆದ ಚೂರನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಆರರಿಂದ ಹತ್ತರ ತನಕ ಅಂಕ ಕೊಡುತ್ತಾರೆ. ಆರು ಅಂದರೆ ನಿಧಾನದ ಆಸಾಮಿ, ಒಂಬತ್ತು-ಹತ್ತು ಅಂದರೆ ಅವಸರದ್ದು. ಏಳು ಬಂದವರದ್ದೇ ಫಜೀತಿ, ಕಾಯುವುದೋ ಕತ್ತರಿಸುವುದೋ ಅಂತ. ಅಲ್ಲಿ ಗಡ್ಡೆಯ ಪ್ರೋಟೀನ್‌ಗಳು ಸುಳಿವು ಕೊಡಬಲ್ಲವು. ಅದೇ ಚೂರಿಗೆ ಬಣ್ಣ ಹಾಕಿ ನೋಡಿದಾಗ ಕೆಐ-67 ಜಾಸ್ತಿ ಕಂಡರೆ ಜೀವಕೋಶಗಳು ಬೇಗಬೇಗ ಒಡೆಯುತ್ತಿವೆ ಅಂತ ಲೆಕ್ಕ. ಪಿಟೆನ್ ಅನ್ನುವ ಪ್ರೋಟೀನ್ ಬೆಳವಣಿಗೆಗೆ ಬ್ರೇಕ್ ಇದ್ದ ಹಾಗೆ. ಅದು ಕಾಣೆಯಾಗಿದ್ದರೆ ರೋಗ ಉಲ್ಬಣಿಸುವ ಸಂಭವ ಹೆಚ್ಚು. ಇವು ಇನ್ನೂ ಎಲ್ಲ ಕಡೆ ಮಾಮೂಲಿ ಪರೀಕ್ಷೆಯಾಗಿಲ್ಲ, ಗ್ಲೀಸನ್ನೇ ಇವತ್ತಿಗೂ ಮೊದಲ ಆಧಾರ.

ಅಂಗಡಿ ಬಾಗಿಲು ಹಾಕಿ ಆಸ್ಪತ್ರೆಗೆ ಅಲೆಯುವುದು ಕಷ್ಟ ಅನ್ನೋದು ಗೊತ್ತಿರುವ ಮಾತೇ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ನಲವತ್ತೈದಕ್ಕೇ ಡಾಕ್ಟರ ಜೊತೆ ಮಾತಾಡಬೇಕು. ಮೂತ್ರದಲ್ಲಿ ರಕ್ತ, ಬಿಡದ ಸೊಂಟನೋವು ಇದ್ದರೆ ವಯಸ್ಸಿನ ಲೆಕ್ಕವೇ ಬೇಡ. ಬಯಾಪ್ಸಿ ಆದವರು ರಿಪೋರ್ಟ್ ಜೊತೆ ಮೇಣದ ಬ್ಲಾಕ್ ಎಲ್ಲಿದೆ ಅಂತಲೂ ಕೇಳಿಟ್ಟುಕೊಳ್ಳಲಿ. ಆ ಚೂರನ್ನು ಬೇರೆ ಕಡೆ ಒಯ್ದು ಎರಡನೇ ಅಭಿಪ್ರಾಯ ಪಡೆಯಬಹುದು, ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ.