ಹಿರಿಯರಿಗೆ ಸಹಾಯವಾಣಿ ಅದ. ಅವರನ್ನು ನೋಡಿಕೊಳ್ಳುವವರ ಗತಿ ಏನು?

ಕಲಬುರಗಿ: ಮನೆಯಲ್ಲಿ ಪಾರ್ಶ್ವವಾಯು ಹೊಡೆದ ಅತ್ತೆ ಅಥವಾ ಮರೆವಿನ ಕಾಯಿಲೆಯ ಮಾವ ಇದ್ದರೆ ಆರೈಕೆ ಯಾರ ಪಾಲಿಗೆ ಬರುತ್ತದೆ ಎಂದು ಕೇಳಬೇಕಿಲ್ಲ. ಹೆಂಡತಿ, ಸೊಸೆ ಇಲ್ಲವೇ ಮಗಳು. ಮೋಮಿನಪುರದಂಥ ಇಕ್ಕಟ್ಟಾದ ಬಡಾವಣೆಯಲ್ಲಿ ದುಡಿಯುವ ಮಗ ಬೆಂಗಳೂರು, ಹೈದರಾಬಾದ್ ಅಥವಾ ಗಲ್ಫ್ ಸೇರಿದರೆ, ಸ್ನಾನ, ಗುಳಿಗೆ, ರಾತ್ರಿ ಎದ್ದು ಕೂಡೋದು ಎಲ್ಲ ಆಕೆಯ ಹೆಗಲಿಗೇ.

ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಅವರನ್ನು ನೋಡಿಕೊಳ್ಳುವವರ ಲೆಕ್ಕ ಇಟ್ಟವರು ಕಡಿಮೆ.

'ಈಗ ಎಲ್ಲಾ ಫೋನಿನಾಗೇ ಸಿಗ್ತದಲ್ಲ' ಎನ್ನುವುದು ಅರ್ಧ ಸತ್ಯ. ಮರೆವಿನ ಕಾಯಿಲೆಯವರ ಕುಟುಂಬಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಐಸಪೋರ್ಟ್' ಎಂಬ ಆನ್‌ಲೈನ್ ತರಬೇತಿಯನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಪರೀಕ್ಷೆಗೆ ಒಡ್ಡಿದ್ದರು. ಅಧ್ಯಯನಕ್ಕೆ ಸೇರಿದ 151 ಆರೈಕೆದಾರರಲ್ಲಿ ಕೊನೆತನಕ ಉಳಿದವರು 55 ಮಂದಿ. ರೋಗಿಯನ್ನು ನೋಡುವ ದೃಷ್ಟಿ ಸುಧಾರಿಸಿತು. ಆರೈಕೆದಾರರ ಖಿನ್ನತೆ, ಹೊರೆ ಮಾತ್ರ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಅದೂ ಇಂಗ್ಲಿಷ್ ಓದಬಲ್ಲ, ಇಂಟರ್ನೆಟ್ ಬಳಸುವವರ ನಡುವೆ.

ಇದರಲ್ಲಿ ನಮ್ಮ ಜಿಲ್ಲೆಗೂ ಪಾಠ ಅದ. ದಿನವಿಡೀ ಪುರುಸೊತ್ತಿಲ್ಲದ ಹೆಣ್ಣುಮಗಳಿಗೆ ಓದುವ ಪಾಠ ಕೊಟ್ಟರೆ ಅದು ಇನ್ನೊಂದು ಕೆಲಸವಾಗುತ್ತದೆ. ಮನೆಯಲ್ಲಿ ದಖನಿ, ಹೊರಗೆ ಕನ್ನಡ ಆಡುವ ಕುಟುಂಬಗಳಿಗೆ ಬೇಕಿರೋದು ಓದುವ ಪುಟವಲ್ಲ, ಕೇಳಿಸಿಕೊಳ್ಳುವ ಒಂದು ದನಿ. ಮನೆಯ ಸ್ಮಾರ್ಟ್‌ಫೋನ್ ಗಂಡನ ಇಲ್ಲವೇ ಮಕ್ಕಳ ಕೈಯಲ್ಲಿದ್ದರೆ ಆ್ಯಪ್ ಇದ್ದೂ ಇಲ್ಲದಂತೆ. ಕರೆ ಮಾಡಲು ಸಾದಾ ಫೋನೂ ಸಾಕು.

ಅಂಥ ದನಿ ಈಗಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ (14416) ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹಿರಿಯರ ಎಲ್ಡರ್‌ಲೈನ್ (14567) ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ತೊಂದರೆ ಎಂದರೆ, ಇವು 'ಹುಚ್ಚಿನ ನಂಬರ್' ಅಥವಾ 'ಮುದುಕರ ನಂಬರ್' ಎಂಬ ಭಾವನೆ. ನಿದ್ದೆಗೆಟ್ಟು ಸಿಡುಕುವ ಸೊಸೆ ತನಗಾಗಿ ಕರೆ ಮಾಡಬಹುದು ಎಂದು ಆಕೆಗೆ ಹೇಳಿದವರಿಲ್ಲ.

ಆರೈಕೆ ಮಾಡುವವರು ಒಂಟಿಯಾದರೆ ಏನಾಗುತ್ತದೆ ಎಂಬುದು ಈ ಊರಿಗೆ ಹೊಸದಲ್ಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯ ಹಿರಿಯರೊಬ್ಬರದು. ಮುಂದೆ ಮೋಮಿನಪುರ ಕಂಟೈನ್‌ಮೆಂಟ್ ವಲಯವಾದಾಗ ನೆಂಟರು, ನೆರೆಯವರು ಬಂದು ಹೋಗುವ ದಾರಿಯೇ ಬಂದಾಯಿತು. ಸೋಂಕು ಹೋಯಿತು, ಹಾಸಿಗೆ ಹಿಡಿದವರ ಮನೆಗಳಲ್ಲಿ ಆ ಒಂಟಿತನ ಇಂದಿಗೂ ಅದ.

ಮಾಡಬಹುದಾದ್ದು ದೊಡ್ಡ ಖರ್ಚಿನದಲ್ಲ. ಬಿಪಿ, ಶುಗರ್ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆ 'ನಿಮಗ ನಿದ್ದಿ ಆಗ್ತದೇನ್ರಿ?' ಎಂದು ಸೊಸೆಯನ್ನೂ ಕೇಳಲಿ. ಅಲ್ಲೇ ಕೂತು 14416ಕ್ಕೆ ಮೊದಲ ಕರೆ ಹಚ್ಚಿಕೊಡಲಿ. ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸೋದು, ಅನ್ನ ನೆತ್ತಿಗೇರದಂತೆ ಉಣಿಸೋದು ಹೇಗೆ ಎಂಬ ಎರಡೆರಡು ನಿಮಿಷದ ಧ್ವನಿ ಸಂದೇಶಗಳನ್ನು ಆರೋಗ್ಯ ಇಲಾಖೆ ಕನ್ನಡ, ದಖನಿಯಲ್ಲಿ ವಾಟ್ಸ್‌ಆ್ಯಪ್‌ಗೆ ಕಳಿಸಲಿ.

ಆದರೆ ಯಾವ ಫೋನೂ ರಾತ್ರಿ ಎದ್ದು ಮಗ್ಗುಲು ಬದಲಿಸದು. ವಾರಕ್ಕೆ ಒಂದು ಮಧ್ಯಾಹ್ನ ಮಗನೋ ಮೈದುನನೋ ಹಾಸಿಗೆ ಪಕ್ಕ ಕೂಡಬೇಕು. ಆ ಬಿಡುವು ಸಿಕ್ಕಾಗಲೇ ಆಕೆಗೆ ನಿದ್ದೆ ಮಾಡಲು, ಬೇಕೆನಿಸಿದರೆ ಆ ಕರೆ ಮಾಡಲೂ ಆದೀತು.