ಹಿಂದೆ ಬಿದ್ದವನೂ ನಮ್ಮ ತಂಡದವನೇ



ಸಂಘದ ಚಂದಾ ಎತ್ತಲು ಹೋಟೆಲ್ ಹುಡುಗರ ರೂಮುಗಳಿಗೆ ರಾತ್ರಿ ಹೋದಾಗಲೆಲ್ಲ ಅವರು ಮೊಬೈಲಿನಲ್ಲಿ ಜಪಾನಿನ ಕಾರ್ಟೂನು ನೋಡುತ್ತಿರುತ್ತಾರೆ. 'ಬೆಳಿಗ್ಗೆ ಐದಕ್ಕೆ ಏಳಬೇಕು, ಮಲಗಿರೋ' ಎಂದು ಗದರಿದವನು ನಾನೇ. ಒಂದು ದಿನ ಜೊತೆಗೆ ಕುಳಿತೆ. ಆಮೇಲೆ ಇಪ್ಪತ್ತನಾಲ್ಕು ಕಂತನ್ನೂ ನೋಡಿ ಮುಗಿಸಿದೆನೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅದರ ಹೆಸರು 'ಡೇಸ್'. ಯಾಸುದಾ ತ್ಸುಯೋಷಿ ಎಂಬವರು 2013ರಿಂದ ವಾರಪತ್ರಿಕೆಯೊಂದರಲ್ಲಿ ಬರೆದ ಚಿತ್ರಕಥೆ, 2016ರಲ್ಲಿ ಸರಣಿಯಾಗಿ ಬಂದಿತು. ಸೇಸೆಕಿ ಎಂಬ ಹೈಸ್ಕೂಲಿನ ಫುಟ್‌ಬಾಲ್ ತಂಡದ ಕಥೆ. ಅದಕ್ಕೆ ತ್ಸುಕುಷಿ ಎಂಬ ಹುಡುಗ ಸೇರುತ್ತಾನೆ. ಅವನ ಗೆಳೆಯ ಕಜಾಮಾ ಹುಟ್ಟು ಆಟಗಾರ. ಇವನಿಗಾದರೋ ಚೆಂಡು ಒದೆಯಲೂ ಬಾರದು. ಓಟದಲ್ಲಿ ಎಲ್ಲರಿಗಿಂತ ಹಿಂದೆ, ಆದರೆ ನಿಲ್ಲುವವನಲ್ಲ. ಅವನ ಓಟ ಕಂಡು ಬಲ್ಲಿದರಿಗೂ ಹುರುಪು ಬರುತ್ತದೆ. ನಾಯಕ ಮಿಜುಕಿ ಅವನನ್ನು ಅಟ್ಟುವುದಿಲ್ಲ.

ನೋಡುತ್ತ ನನಗೆ ಮೋರಿಯ ನೆನಪಾಯಿತು. ಏಳನೆಯ ಕ್ಲಾಸು ಮುಗಿಸಿ ಮುಂಬಯಿಗೆ ಬಂದು ಪ್ಲೇಟು ತೊಳೆಯಲು ನಿಂತಾಗ ನನ್ನ ಕೈ ಬಹಳ ನಿಧಾನ. ಭಾನುವಾರದ ಗಿರಾಕಿಯಲ್ಲಿ ಪ್ಲೇಟು ಸಾಲದೆ ಎಲ್ಲರೂ ನನ್ನನ್ನೇ ಬೈಯುವರು. ಸಪ್ಲೈಯರ್ ಅಣ್ಣನೊಬ್ಬ ಮಾತ್ರ ಆರ್ಡರು ಕೊಟ್ಟು ಬಂದು, ಭಟ್ರು ದೋಸೆ ಎತ್ತುವ ತನಕ, ನನ್ನ ಪಕ್ಕ ನಿಂತು ನಾಲ್ಕು ಪ್ಲೇಟು ತೊಳೆದುಕೊಡುತ್ತಿದ್ದ. ಮಗ್ಗದ ಮುಂದೆ ದುಡಿದ ಗಿರಣಿಯ ಹಿರಿಯರಿಗೆ ಇಂಥವನೊಬ್ಬ ನೆನಪಿದ್ದೇ ಇರುತ್ತಾನೆ. ಆದರೆ ನಾನು ಸಪ್ಲೈಯರನಾದ ಮೇಲೆ ಏನು ಮಾಡಿದೆ? ಹೊಸ ಹುಡುಗನಿಗೆ ನಾನು ತಿಂದ ಬೈಗುಳವನ್ನೇ ಬಡಿಸಿದೆ. ಮೂರನೆಯ ದಿನ ಅವನು ಊರಿನ ಬಸ್ಸು ಹತ್ತಿದ. ಅವನ ಹೆಸರು ಕೂಡ ನನಗೀಗ ನೆನಪಿಗೆ ಬರುತ್ತಿಲ್ಲ.

ಈ ಕಥೆಯಲ್ಲಿ ಹಿಡಿಸದ ಸಂಗತಿಯೂ ಉಂಟು. ಕಾಲು ಸೋತು ಬೀಳುವ ತನಕ ಓಡುವುದನ್ನು ಅಲ್ಲಿ ಬಹಳ ಮೆರೆಸುತ್ತಾರೆ. ಎಂಟು ತಾಸಿನ ಮಾತು ಆ ಮೈದಾನಕ್ಕೆ ಇನ್ನೂ ತಲುಪಿಲ್ಲ! ನಮ್ಮ ಮಾಲೀಕರು ಇದನ್ನು ನೋಡಿದರೆ 'ನಾವೆಲ್ಲ ಒಂದೇ ತಂಡ' ಎಂದು ರಾತ್ರಿ ಹನ್ನೆರಡರವರೆಗೆ ನಿಲ್ಲಿಸಿಯಾರು. ಸೇಸೆಕಿ ಗೆದ್ದರೆ ಗೆಲುವು ಓಡಿದವರದು. ಇಲ್ಲಿ ಓಡುವವರು ನಾವು, ಗಲ್ಲಾ ಅವರದು. ಆದುದರಿಂದ ತಂಡವೆಂದರೆ ಮೊದಲು ಮೋರಿಯವನು, ಸಪ್ಲೈಯರು, ಭಟ್ರು, ಈ ಮೂವರ ನಡುವಿನದು. ಬೋನಸ್ ಕೇಳಲು ಹೋಗುವ ದಿನ ಮೋರಿಯ ಹುಡುಗನೂ ನಮ್ಮೊಡನೆ ಬರಬೇಕೆಂದರೆ, ಭಾನುವಾರ ಅವನ ಪಕ್ಕ ನಾವು ನಿಂತಿರಬೇಕು.

ಕಳೆದ ವಾರ ಆ ರೂಮಿಗೆ ಹೊಸಬನೊಬ್ಬ ಬಂದಿದ್ದಾನೆ. ಅವನ ಕೈಯೂ ನಿಧಾನವಂತೆ. ಈ ಭಾನುವಾರ ಮಧ್ಯಾಹ್ನ ನಾನೇ ಆ ಹೋಟೆಲಿಗೆ ಹೋಗಿ ಬರುವವನಿದ್ದೇನೆ.