ಮುತಾಲಿಕರ ರುಜು

ಗೋಕಾಕ, ಹುಕ್ಕೇರಿಗಳ ಸೀಮೆಯಲ್ಲಿ ಓಡಾಡಿದವರಿಗೆ ‘ಮುತಾಲಿಕ’ ಎಂಬ ಅಡ್ಡಹೆಸರು ಹೊಸದಲ್ಲ. ಒಂದು ಕಾಲಕ್ಕೆ ಅದು ಹುದ್ದೆಯ ಹೆಸರಾಗಿತ್ತೆಂಬುದನ್ನು ಬಲ್ಲವರು ಮಾತ್ರ ಕಡಿಮೆ. ಮರಾಠರ ಆಳಿಕೆಯಲ್ಲಿ ದೊಡ್ಡ ಅಧಿಕಾರಿಗಳು ತಾವಿಲ್ಲದಾಗ ಕೆಲಸ ನಡೆಸಲು ಇಟ್ಟುಕೊಳ್ಳುತ್ತಿದ್ದ ಪ್ರತಿನಿಧಿಯೇ ಮುತಾಲಿಕ. ಹೆಸರು ಒಡೆಯನದು, ಕೈ ಮುತಾಲಿಕನದು!

ಹಳ್ಳಿಗಳಲ್ಲಿಯೂ ಇದೇ ಏರ್ಪಾಡು. ಗೌಡಕಿ, ಕುಲಕರ್ಣಿಕೆಗಳು ವಂಶಪರಂಪರೆಯಿಂದ ಬಂದ ವತನಗಳು. ವತನದಾರನು ಹಸುಳೆಯಾಗಿದ್ದರೆ ಲೆಕ್ಕ ಬರೆಯುವವರು ಯಾರು? 1874ರ ಮುಂಬಯಿ ವತನ ಕಾಯ್ದೆಯಲ್ಲಿ ಬದಲಿಯವರನ್ನು ನೇಮಿಸುವುದಕ್ಕೆ ಅವಕಾಶವಿತ್ತು. ಹಕ್ಕು ಒಬ್ಬನದು, ದುಡಿಮೆ ಇನ್ನೊಬ್ಬನದು. ಲೆಕ್ಕ ತಪ್ಪಿದರೆ ರೈತನು ಯಾರ ಮನೆಯ ಬಾಗಿಲು ತಟ್ಟಬೇಕು? ಕುಲಕರ್ಣಿ ವತನಗಳು ಮುಂಬಯಿ ಸರಕಾರದ 1950ರ ಕಾಯ್ದೆಯಿಂದ ಹೋದವು. ಉಳಿದ ವಂಶಪರಂಪರೆಯ ಗ್ರಾಮಾಧಿಕಾರಗಳಿಗೆ ನಮ್ಮ ರಾಜ್ಯದ 1961ರ ಕಾಯ್ದೆ ಕೊನೆ ಹೇಳಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು.

ಮುಂದೆ ಅದೇ ಜತ್ತಿಯವರಿಗೆ ದೇಶದ ಅತಿ ದೊಡ್ಡ ಮುತಾಲಿಕತನ ಒದಗಿ ಬಂದುದು ವಿಧಿಯ ವಿನೋದವೆನ್ನಬೇಕು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ, ಉಪರಾಷ್ಟ್ರಪತಿಗಳಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಏಪ್ರಿಲಿನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಮಂತ್ರಿಮಂಡಲದ ಸಲಹೆ ಅವರ ಮೇಜಿಗೆ ಬಂತು. ಅವರು ಒಡನೆ ರುಜು ಹಾಕಲಿಲ್ಲ. ಯೋಚಿಸಲು ವೇಳೆ ಬೇಕೆಂದರು. ದಿಲ್ಲಿಯಲ್ಲಿ ಗದ್ದಲವೆದ್ದಿತು. ಏಪ್ರಿಲ್ 30ರಂದು ರುಜು ಬಿದ್ದಿತು. ಅವರು ತಡೆದುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಒಂದು ಮಾತಂತೂ ಸ್ಪಷ್ಟವಾಯಿತು: ಹುದ್ದೆ ಹಂಗಾಮಿಯಾದೀತು, ರುಜು ಹಂಗಾಮಿಯಲ್ಲ.

ಈ ನ್ಯಾಯ ರಾಷ್ಟ್ರಪತಿ ಭವನಕ್ಕೆ ಮಾತ್ರ ಸಲ್ಲುವುದಲ್ಲ. ಮಾಮಲೇದಾರನು ಕೆಲಸ ಮಾಡಲಾರದೆ ಹೋದರೆ, ತಾಲೂಕು ಬಿಟ್ಟರೆ, ಅಥವಾ ತೀರಿಕೊಂಡರೆ, ಆ ಜಾಗದಲ್ಲಿ ಕೂತವನನ್ನು ಅಷ್ಟು ದಿನ ಮಾಮಲೇದಾರನೆಂದೇ ತಿಳಿಯತಕ್ಕದ್ದೆಂದು 1879ರ ಮುಂಬಯಿ ಭೂಕಂದಾಯ ಕಾಯ್ದೆಯೇ ಸಾರಿತ್ತು. ಸರಕಾರದ ಕುರ್ಚಿ ಬರಿದಾಗಬಹುದು, ಕೆಲಸ ನಿಲ್ಲಕೂಡದೆಂಬುದೇ ಅದರ ತಾತ್ಪರ್ಯ.

ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿ 2018ರ ಹೊತ್ತಿಗೆ ತಾನೇ ತಾಲೂಕಾಯಿತು. ಅಲ್ಲಿಗೆ ತನ್ನದೇ ತಹಶೀಲ್ದಾರರ ಕಚೇರಿ ಬಂತು. ಆದರೂ ಹಳ್ಳಿಯವರು ಮೊದಲು ಹತ್ತುವ ಮೆಟ್ಟಿಲು ನಾಡಕಚೇರಿಯದು, ಮೊದಲು ಕಾಣುವ ಅಧಿಕಾರಿ ಉಪತಹಶೀಲ್ದಾರರು. ಮಗನ ಓದಿಗೆ ಜಾತಿ, ಆದಾಯಗಳ ಪ್ರಮಾಣಪತ್ರ, ಮುದುಕಿಯ ಪಿಂಚಣಿ ಎಲ್ಲವೂ ಅಲ್ಲಿಯೇ ಆಗಬೇಕು. ಕಾಗದ ನೋಡದೆ ರುಜು ಹಾಕುವ ಉಪಾಧಿಕಾರಿ ಅಪಾಯಕಾರಿ. ಕಾಗದ ಸರಿಯಿದ್ದರೂ “ದೊಡ್ಡ ಸಾಹೇಬರು ಬರಲಿ” ಎಂದು ಕೈಕಟ್ಟಿ ಕೂರುವವನು ಅವನಿಗಿಂತ ಕಡಿಮೆಯವನಲ್ಲ. ಶಾಲೆಗೆ ಅರ್ಜಿ ಸಲ್ಲಿಸುವ ಕಡೆಯ ದಿನ ಸಾಹೇಬರಿಗಾಗಿ ಕಾಯುವುದಿಲ್ಲ. ಬಸ್ಸಿನ ಖರ್ಚು ಮಾಡಿಕೊಂಡು ಬಂದ ತಾಯಿ ಅದೇ ಖರ್ಚನ್ನು ನಾಳೆಯೂ ಹೊಂದಿಸಬೇಕು.

ಉಪ ಎಂಬ ಎರಡಕ್ಷರ ಅಧಿಕಾರಿಯ ಸಂಬಳವನ್ನು ಕಡಿಮೆ ಮಾಡಲಿ. ಹೊಣೆಯನ್ನು ಕಡಿಮೆ ಮಾಡದಿರಲಿ.